ಪುಕ್ಕಟೆ ಸಿಕ್ಕಿದ್ದು ಕೈ ಕೊಟ್ಟಾಗ: ಗಿಟ್ ಹುಟ್ಟಿದ ಕಥೆ (ಭಾಗ 4)

ನಿಮ್ಮ ಪ್ರಾಜೆಕ್ಟ್ ಫೋಲ್ಡರ್ ಒಮ್ಮೆ ತೆಗೆದು ನೋಡಿ. ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಅಂತ ಮೂರು ಫೈಲ್ ಇದ್ದೇ ಇರುತ್ತೆ. ಯಾವುದರಲ್ಲಿ ಏನು ಬದಲಾಯ್ತು, ಯಾರು ಬದಲಾಯಿಸಿದ್ರು? ಯಾರ ಹತ್ರಾನೂ ಉತ್ತರ ಇರಲ್ಲ. ನಾಲ್ಕು ಜನರ ಗ್ರೂಪ್‌ಗೇ ಈ ಪಾಡು. ಪ್ರಪಂಚದ ಮೂಲೆಮೂಲೆಯಿಂದ ನೂರಾರು ಜನ ಸೇರಿ ಒಂದೇ ಕೆಲಸ ಮಾಡಿದ್ರೆ?

ಲಿನಕ್ಸ್ ಕರ್ನಲ್ ಹಾಗೇ ಬೆಳೆದದ್ದು. 1991ರಲ್ಲಿ ಅದನ್ನು ಶುರು ಮಾಡಿದಾಗ ಲಿನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯಲ್ಲಿ ಓದ್ತಿದ್ದ 21ರ ಹುಡುಗ. ಮುಂದಿನ ಹತ್ತು ವರ್ಷ ಜನ ತಿದ್ದುಪಡಿಗಳನ್ನು ಇಮೇಲ್‌ನಲ್ಲಿ ಕಳಿಸೋರು, ಅವರು ಸೇರಿಸೋರು. ಕೆಲಸ ಕೈಮೀರಿ ಹೋಯ್ತು.

2002ರಲ್ಲಿ ಬಿಟ್‌ಕೀಪರ್ ಅನ್ನೋ ಸಾಫ್ಟ್‌ವೇರ್ ಬಂತು. ಅದು ಬಿಟ್‌ಮೂವರ್ ಕಂಪನಿಯ ಸ್ವತ್ತು. ಕರ್ನಲ್ ತಂಡಕ್ಕೆ ಪುಕ್ಕಟೆ. ಆದರೆ ಷರತ್ತಿತ್ತು: ಪುಕ್ಕಟೆ ಬಳಸುವವರು ಅದಕ್ಕೆ ಪೈಪೋಟಿ ಕೊಡೋ ಸಾಫ್ಟ್‌ವೇರ್ ಮಾಡೋ ಹಾಗಿಲ್ಲ. ಹಲವರು ಆಗಲೇ ಆಕ್ಷೇಪ ಎತ್ತಿದ್ರು. ಕೆಲಸ ಸಲೀಸಾಗಿತ್ತಲ್ಲ, ಮುಂದುವರೀತು.

2005ರಲ್ಲಿ ಬಿಸಿ ತಟ್ಟಿತು. ‘ಸಾಂಬಾ’ ಬರೆದ ಆಂಡ್ರ್ಯೂ ಟ್ರಿಡ್ಜೆಲ್ ಬಿಟ್‌ಕೀಪರ್ ಸರ್ವರ್‌ಗೆ ಟೆಲ್‌ನೆಟ್‌ನಲ್ಲಿ ಸಂಪರ್ಕಿಸಿ ‘ಹೆಲ್ಪ್’ ಅಂತ ಟೈಪ್ ಮಾಡಿದ್ರು. ಸರ್ವರ್ ತನ್ನ ಕಮಾಂಡ್‌ಗಳ ಪಟ್ಟಿಯನ್ನೇ ಕೊಟ್ಟಿತು! ಅದನ್ನಿಟ್ಟುಕೊಂಡು ಅವರು ಸ್ವಂತ ಟೂಲ್ ಬರೆಯೋಕೆ ಹೊರಟಾಗ ಕಂಪನಿ ಪುಕ್ಕಟೆ ಪರವಾನಗಿಯನ್ನೇ ವಾಪಸ್ ತಗೊಂಡಿತು.

ಏಪ್ರಿಲ್ 3ರಂದು ಲಿನಸ್ ಬೇರೆಯದನ್ನು ಬರೆಯೋಕೆ ಕೂತ್ರು. 7ರಂದು ಗಿಟ್ ತನ್ನದೇ ಕೋಡಿನ ಲೆಕ್ಕ ತಾನೇ ಇಡ್ತಿತ್ತು. ಜೂನ್‌ನಲ್ಲಿ ಕರ್ನಲ್ 2.6.12 ಗಿಟ್ ಮೇಲೇ ಹೊರಬಂತು. ಜುಲೈನಲ್ಲಿ ಹೊಣೆ ಜೂನಿಯೊ ಹಮಾನೊ ಅವರಿಗೆ ಹೋಯ್ತು.

ಬಿಕಾಂನವರಿಗೆ ಇದರ ಒಳಗುಟ್ಟು ಸುಲಭ. ಲೆಡ್ಜರಿನಲ್ಲಿ ಹಿಂದಿನ ಪುಟದ ಮೊತ್ತ ಮುಂದಿನ ಪುಟಕ್ಕೆ ಬರುತ್ತಲ್ಲ? ಗಿಟ್‌ನ ಪ್ರತಿ ಕಮಿಟ್‌ನಲ್ಲೂ ಹಿಂದಿನದರ ಗುರುತು ಸೇರಿರುತ್ತೆ. ಹಳೇದನ್ನ ಕದ್ದು ತಿದ್ದಿದ್ರೆ ಆಮೇಲಿನ ಎಲ್ಲಾ ಗುರುತೂ ಬದಲಾಗಿ ಸಿಕ್ಕಿಬೀಳುತ್ತೆ. ನಮ್ಮಲ್ಲೂ 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರೇಲ್ ಕಡ್ಡಾಯ. ಆಸೆ ಒಂದೇ: ತಿದ್ದಿ, ಆದರೆ ಗುರುತು ಉಳೀಲಿ.

ಉಬುಂಟು ಇದ್ರೆ ಈಗಲೇ ಹಾಕ್ಕೊಳ್ಳಿ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ:
1. ಸುಡೊ ಆಪ್ಟ್ ಇನ್‌ಸ್ಟಾಲ್ ಗಿಟ್
2. ‘ಗಿಟ್ ಕಾನ್ಫಿಗ್’ನಲ್ಲಿ ನಿಮ್ಮ ಹೆಸರು, ಇಮೇಲ್ ಕೊಡಿ
3. ಪ್ರಾಜೆಕ್ಟ್ ಫೋಲ್ಡರಿಗೆ ಹೋಗಿ ‘ಗಿಟ್ ಇನಿಟ್’

ಎರಡನೇ ಹೆಜ್ಜೆ ಬಿಡಬೇಡಿ. ಪ್ರತಿ ಕಮಿಟ್‌ನಲ್ಲೂ ಆ ಹೆಸರೇ ನಿಲ್ಲೋದು, ವೋಚರ್ ಮೇಲಿನ ಸಹಿ ಥರ.

ಗಿಟ್‌ಗೂ ದುಡ್ಡು ಕೊಡಬೇಕಿಲ್ಲ, ಬಿಟ್‌ಕೀಪರ್‌ಗೂ ಕೊಡಬೇಕಿರಲಿಲ್ಲ. ವ್ಯತ್ಯಾಸ ಏನಂದ್ರೆ, ಗಿಟ್‌ನ ಲೈಸೆನ್ಸನ್ನು ಯಾರೋ ಸಿಟ್ಟಾಗಿ ವಾಪಸ್ ಕೇಳೋಕಾಗಲ್ಲ. ನಿಮ್ಮ ನೋಟ್ಸ್, ಫೋಟೋ ಎಲ್ಲಾ ಇಟ್ಟಿರೋ ಪುಕ್ಕಟೆ ಆ್ಯಪ್‌ಗಳ ಬಗ್ಗೆ ಇದೇ ಮಾತು ಹೇಳಬಹುದಾ? ಕಾಮೆಂಟ್‌ನಲ್ಲಿ ತಿಳಿಸಿ. ಮುಂದಿನ ಭಾಗದಲ್ಲಿ ಮೊದಲ ಕಮಿಟ್ ಮಾಡೋಣ.

#ಗಿಟ್ #ಲಿನಕ್ಸ್ #ಕನ್ನಡದಲ್ಲಿಟೆಕ್