ಪಾಲ್ ಬ್ರೌನ್ ಟೈಗರ್ ಸ್ಟೇಡಿಯಂ, ಮ್ಯಾಸಿಲನ್, ಒಹಾಯೊ
ಇಷ್ಟು ದೊಡ್ಡದಾದರೂ ಇದು ವಾಷಿಂಗ್ಟನ್ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ಮೈದಾನ. ಊರಿನ ಜನಸಂಖ್ಯೆ ಸುಮಾರು 32,000. ಗ್ಯಾಲರಿಯಲ್ಲಿ 16,000ಕ್ಕೂ ಹೆಚ್ಚು ಆಸನ. ಅರ್ಧ ಊರೇ ಇಲ್ಲಿ ಕೂರಬಹುದು!

ಇದೇ ಶಾಲೆಯಲ್ಲಿ ಓದಿದ ಪಾಲ್ ಬ್ರೌನ್ 1932ರಲ್ಲಿ ಕೋಚ್ ಆಗಿ ಮರಳಿದರು. ಒಂಬತ್ತು ಸೀಸನ್‌ಗಳಲ್ಲಿ 80 ಗೆಲುವು, ಸೋಲು ಎಂಟೇ. ಪಂದ್ಯ ನೋಡಲು ಜನ ಮುಗಿಬಿದ್ದರು. ಆರ್ಥಿಕ ಮಹಾಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ದುಡಿಮೆ ಒದಗಿಸುತ್ತಿದ್ದ ಸರ್ಕಾರಿ ಯೋಜನೆಯಡಿ ಈ ಕ್ರೀಡಾಂಗಣ ಎದ್ದಿತು, 1939ರಲ್ಲಿ ತೆರೆಯಿತು. ಬ್ರೌನ್ ಹೆಸರಿಟ್ಟಿದ್ದು 1976ರಲ್ಲಿ.

ಇಲ್ಲಿ ಆಟದ ಹುಚ್ಚು ತೊಟ್ಟಿಲಲ್ಲೇ ಶುರು: ಹುಟ್ಟಿದ ಗಂಡುಮಗುವಿಗೆ ಅಭಿಮಾನಿಗಳ ಸಂಘದಿಂದ ಪುಟ್ಟ ಫುಟ್‌ಬಾಲ್ ಉಡುಗೊರೆ. ಪಕ್ಕದ ಕ್ಯಾಂಟನ್ ನಗರದ ಮೆಕಿನ್ಲಿ ಶಾಲೆಯೊಂದಿಗಿನ ಜಿದ್ದು ಮಾತ್ರ ಕ್ರೀಡಾಂಗಣಕ್ಕಿಂತ ಹಳೆಯದು, 1894ರದ್ದು.