ಪ್ರೌಢಶಾಲೆಯಲ್ಲಿ ಪ್ರಭೇದದ ಹುಟ್ಟು: ಒಂದು ಪಾಠಭಾಗದ ಚರಿತ್ರೆ

2022ರ ಜೂನ್‌ನಲ್ಲಿ ಎನ್‌ಸಿಇಆರ್‌ಟಿ ತನ್ನ ಪಠ್ಯಪುಸ್ತಕಗಳಿಂದ ಕೈಬಿಟ್ಟ ಭಾಗಗಳ ಪಟ್ಟಿಯನ್ನು ಹೊರಡಿಸಿತು. ಹತ್ತನೇ ತರಗತಿಯ ವಿಜ್ಞಾನದಲ್ಲಿ ಕತ್ತರಿ ಬಿದ್ದ ಅಧ್ಯಾಯಗಳಲ್ಲಿ ಒಂಬತ್ತನೆಯದೂ ಒಂದು. ಜೀವವಿಕಾಸ, ಪ್ರಭೇದೀಕರಣ, ವಿಕಾಸ ಮತ್ತು ವರ್ಗೀಕರಣ, ವಿಕಾಸವೆಂದರೆ ಪ್ರಗತಿಯಲ್ಲ ಎಂಬ ನಾಲ್ಕು ಭಾಗಗಳು, 9.3ರಿಂದ 9.6ರವರೆಗೆ, ಒಟ್ಟಿಗೇ ಹೋದವು. ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಅಧ್ಯಾಯ ಬರೀ ‘ಅನುವಂಶೀಯತೆ’ ಆಯಿತು. ಒಂಬತ್ತನೇ ತರಗತಿಯ ‘ಜೀವಿಗಳಲ್ಲಿ ವೈವಿಧ್ಯತೆ’ ಎಂಬ ಇಡೀ ಅಧ್ಯಾಯವನ್ನೂ ಅದೇ ಪಟ್ಟಿ ತೆಗೆದುಹಾಕಿತು. ಮರುವರ್ಷ ಎದ್ದ ಗದ್ದಲದಲ್ಲಿ ಈ ಎರಡನೆಯದನ್ನು ಗಮನಿಸಿದವರು ಕಡಿಮೆ. ಚರ್ಚೆಯೆಲ್ಲ ಡಾರ್ವಿನ್ ಎಂಬ ಹೆಸರಿನ ಸುತ್ತಲೇ ಸುತ್ತಿತು.

ಈ ಲೇಖನದ ವಾದ ಬೇರೆ. ಶಾಲೆಯ ಜೀವಶಾಸ್ತ್ರದಲ್ಲಿ ವರ್ಗೀಕರಣ ಮೊದಲು ಬಂತು, ವಿಕಾಸ ಬಹಳ ತಡವಾಗಿ ಬಂತು, ಎರಡೂ ಹೆಚ್ಚುಕಡಿಮೆ ಒಂದನ್ನೊಂದು ಮಾತಾಡಿಸದೆ ಬೆಳೆದವು. ಅವೆರಡನ್ನು ಕೂಡಿಸುವ ಕೊಂಡಿ ಪ್ರಭೇದೀಕರಣ, ಅಂದರೆ ಒಂದು ಪ್ರಭೇದ ಒಡೆದು ಎರಡಾಗುವ ಬಗೆ. ನಮ್ಮ ರಾಷ್ಟ್ರೀಯ ಪಠ್ಯದಲ್ಲಿ ಆ ಕೊಂಡಿ ನೆಟ್ಟಗೆ ಕೂತಿದ್ದುದು ಸುಮಾರು ಹದಿನೈದು ವರ್ಷ ಮಾತ್ರ.

ವರ್ಗೀಕರಣದ ಹಿರಿತನ ಸಹಜವೇ. ಲಿನೇಯಸ್ 1735ರಲ್ಲಿ ‘ಸಿಸ್ಟೆಮಾ ನ್ಯಾಚುರೆ’ಯನ್ನು ಪ್ರಕಟಿಸಿದಾಗ ಪ್ರಭೇದಗಳು ಸೃಷ್ಟಿಯ ದಿನ ಇದ್ದಂತೆಯೇ ಇವೆ ಎಂಬುದು ಅವನ ನಂಬಿಕೆ. ಪ್ರಾಣಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿ 1758ರ ಹತ್ತನೇ ಆವೃತ್ತಿಯಿಂದ ಗಟ್ಟಿಯಾಯಿತು. ಭಾರತದ ಕಾಲೇಜುಗಳಿಗೆ ಈ ವಿದ್ಯೆ ಮುಖ್ಯವಾಗಿ ಸಸ್ಯಶಾಸ್ತ್ರದ ದಾರಿಯಿಂದ ಬಂತು. ಜೋಸೆಫ್ ಹೂಕರ್ ಸಂಪಾದಿಸಿದ ‘ಫ್ಲೋರ ಆಫ್ ಬ್ರಿಟಿಷ್ ಇಂಡಿಯ’ (1872–97) ಮತ್ತು ಅದರ ಬೆನ್ನಿಗಿದ್ದ ಬೆಂಥಮ್–ಹೂಕರ್ ಪದ್ಧತಿ ಇಲ್ಲಿ ಬೇರುಬಿಟ್ಟವು. ಬಿ.ಎಸ್‌ಸಿ. ಸಸ್ಯಶಾಸ್ತ್ರ ಓದಿದ ಯಾರನ್ನೇ ಕೇಳಿ, ಆ ಜೋಡಿ ಹೆಸರು ನಾಲಿಗೆಯ ತುದಿಯಲ್ಲಿರುತ್ತದೆ.

ಇಲ್ಲೊಂದು ಸೋಜಿಗವಿದೆ. ಹೂಕರ್ ಡಾರ್ವಿನ್ನನ ಆಪ್ತ ಗೆಳೆಯ. 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಡಾರ್ವಿನ್ ಮತ್ತು ವಾಲೇಸ್‌ರ ಬರಹಗಳನ್ನು ಮುಂದಿಟ್ಟವರು ಅವನೂ ಚಾರ್ಲ್ಸ್ ಲಯಲನೂ. ಅದೇ ಸಂಜೆ ಜಾರ್ಜ್ ಬೆಂಥಮ್ ಪ್ರಭೇದಗಳು ಬದಲಾಗವು ಎಂದು ಸಾಧಿಸುವ ಒಂದು ಪ್ರಬಂಧ ಓದಬೇಕಿತ್ತು. ಪರಿಸ್ಥಿತಿ ನೋಡಿ ಅದನ್ನು ಹಿಂತೆಗೆದುಕೊಂಡ. ಇಂಥ ಇಬ್ಬರು ಕೂಡಿ 1862ರಿಂದ 1883ರವರೆಗೆ ಹೊರತಂದ ‘ಜೆನೆರ ಪ್ಲಾಂಟೇರಮ್’ನಲ್ಲಿ ಅನಾವೃತ ಬೀಜ ಸಸ್ಯಗಳನ್ನು ದ್ವಿದಳ ಮತ್ತು ಏಕದಳಗಳ ನಡುವೆ ಇಟ್ಟಿದ್ದಾರೆ. ವಂಶಾವಳಿಯ ಲೆಕ್ಕದಲ್ಲಿ ಇದಕ್ಕೆ ಅರ್ಥವೇ ಇಲ್ಲ: ಸೈಕಸ್, ಪೈನ್‌ಗಳ ಕವಲು ಹೂಬಿಡುವ ಸಸ್ಯಗಳ ಕವಲಿಂದ ಎಂದೋ ಬೇರೆಯಾದದ್ದು. ಆದರೆ ಒಣಗಿಸಿ ಹಾಳೆಗೆ ಅಂಟಿಸಿದ ಗಿಡವನ್ನು ಗುರುತಿಸಿ ಕಪಾಟಿನಲ್ಲಿಡಲು ಈ ಪದ್ಧತಿ ಬಹಳ ಅನುಕೂಲ. ಅನುಕೂಲವೇ ಗೆದ್ದಿತು. ಡಾರ್ವಿನ್ನನ ಗೆಳೆಯನ ಹೆಸರು ಹೊತ್ತ ಪದ್ಧತಿಯೇ ನೂರು ವರ್ಷ ನಮ್ಮ ವಿದ್ಯಾರ್ಥಿಗಳಿಗೆ ಡಾರ್ವಿನ್‌ಪೂರ್ವದ ವರ್ಗೀಕರಣವನ್ನು ಕಲಿಸಿತು. ಹೂ ಬಿಚ್ಚಿ ದಳ, ಕೇಸರ, ಅಂಡಾಶಯ ಎಣಿಸಿ ಕುಟುಂಬದ ಹೆಸರು ಬರೆಯುವುದು ಇಂದಿಗೂ ಪ್ರಾಯೋಗಿಕ ಪರೀಕ್ಷೆಯ ದೊಡ್ಡ ಪ್ರಶ್ನೆ. ಆ ಕುಟುಂಬ ‘ಕುಟುಂಬ’ ಏಕೆ ಎಂದು ಪರೀಕ್ಷಕರು ಕೇಳುವುದಿಲ್ಲ.

ವಿಕಾಸ ಶಾಲೆಗೆ ಬಂದ ಕಥೆ ಹೇಳುವಾಗ ಎಲ್ಲರೂ ಅಮೆರಿಕದ ಟೆನೆಸಿಗೆ ಹೋಗುತ್ತಾರೆ. 1925ರಲ್ಲಿ ಅಲ್ಲಿನ ಬಟ್ಲರ್ ಕಾಯ್ದೆ ಮೀರಿ ವಿಕಾಸದ ಪಾಠ ಮಾಡಿದನೆಂದು ಜಾನ್ ಸ್ಕೋಪ್ಸ್ ಎಂಬ ಮೇಷ್ಟರ ಮೇಲೆ ಡೇಟನ್ ಊರಿನಲ್ಲಿ ಮೊಕದ್ದಮೆ ನಡೆಯಿತು. ಅವರ ಕೈಲಿದ್ದ ಜಾರ್ಜ್ ಹಂಟರ್‌ನ ‘ಎ ಸಿವಿಕ್ ಬಯಾಲಜಿ’ (1914) ವಿಕಾಸದ ಜೊತೆಗೆ ಜನಾಂಗೀಯ ಮೇಲುಕೀಳನ್ನೂ ಸುಜನನವನ್ನೂ ಬೋಧಿಸುತ್ತಿತ್ತು ಎಂಬುದನ್ನು ಹೇಳುವವರು ವಿರಳ. ಮೊಕದ್ದಮೆಯ ನಂತರ ಅಮೆರಿಕದ ಪ್ರಕಾಶಕರು ಮೆಲ್ಲಗೆ ‘ವಿಕಾಸ’ ಎಂಬ ಪದವನ್ನೇ ಕೈಬಿಟ್ಟರು. 1957ರ ಸ್ಪುಟ್ನಿಕ್ ಹೊಡೆತದ ಬಳಿಕ ಬಿಎಸ್‌ಸಿಎಸ್ ಎಂಬ ಜೀವಶಾಸ್ತ್ರ ಪಠ್ಯಕ್ರಮ ತಂಡ ಬರೆದ 1963ರ ಪುಸ್ತಕಗಳಲ್ಲಿ ಅದು ಮರಳಿ ಬಂತು. ಭಾರತದ ಕಥೆ ಹೀಗಿಲ್ಲ. ಇಲ್ಲಿ ವಿಕಾಸದ ಪಾಠವನ್ನು ತಡೆಯುವ ಕಾಯ್ದೆ ಯಾವತ್ತೂ ಇರಲಿಲ್ಲ. ಇದ್ದದ್ದು ಜಾಗದ ಅಭಾವ, ಮತ್ತು ಒಂದು ಬಗೆಯ ಅನಾದರ.

1961ರಲ್ಲಿ ಎನ್‌ಸಿಇಆರ್‌ಟಿ ಹುಟ್ಟಿತು. ಸಸ್ಯಭ್ರೂಣಶಾಸ್ತ್ರಜ್ಞ ಪಂಚಾನನ ಮಹೇಶ್ವರಿ ಅವರ ಮುಂದಾಳತ್ವದಲ್ಲಿ ಅದು ಹೈಯರ್ ಸೆಕೆಂಡರಿ ಮಕ್ಕಳಿಗೆ ಜೀವಶಾಸ್ತ್ರದ ಪಠ್ಯ ತಂದಿತು. ಆದರೆ 1975ರ ಹತ್ತು ವರ್ಷದ ಶಾಲಾ ಪಠ್ಯಕ್ರಮದಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಕೂಡಿ ‘ವಿಜ್ಞಾನ’ ಎಂಬ ಒಂದೇ ವಿಷಯವಾದವು. ಎಲ್ಲರೂ ಓದಲೇಬೇಕಾದ ಆ ಹತ್ತು ವರ್ಷದೊಳಗೆ ಜೀವಶಾಸ್ತ್ರಕ್ಕೆ ದಕ್ಕಿದ್ದು ಮೂರರಲ್ಲೊಂದು ಪಾಲು. ಆರೋಗ್ಯ, ಆಹಾರ, ಪರಿಸರ ಎಲ್ಲಕ್ಕೂ ಅಲ್ಲೇ ಜಾಗವಾಗಬೇಕು. ವರ್ಗೀಕರಣಕ್ಕೆ ಒಂದು ಕೋಷ್ಟಕ ಸಾಕು, ವಿಕಾಸಕ್ಕೆ ಜಿರಾಫೆಯ ಕುತ್ತಿಗೆ ಸಾಕು ಎಂಬಂತೆ ನಡೆಯಿತು. ಕನ್ನಡದ ಓದುಗನಿಗೆ ಪ್ರಭೇದ, ವಿಕಾಸ, ಅಪೂರ್ವ ಜೀವಿ ಎಂಬ ಮಾತುಗಳು ರಕ್ತಮಾಂಸದೊಂದಿಗೆ ಸಿಕ್ಕಿದ್ದು ಆ ಕಾಲದ ಪಠ್ಯಪುಸ್ತಕದಲ್ಲಲ್ಲ, 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’ದಲ್ಲಿ. ಗಿಡಗಳ ವರ್ಗೀಕರಣವೂ ಹಾಗೆಯೇ: ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದವರಿಗೆ ಅದು ಬಾಯಿಪಾಠದ ಪಟ್ಟಿಯಾಗಿ ಉಳಿಯುವುದಿಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಬೆನ್ನಿಗೆ ಬಂದ ಪುಸ್ತಕಗಳು ಈ ಜಾಡನ್ನು ಬದಲಿಸಿದವು. ಕರ್ನಾಟಕದ ಎಸ್‌ಎಸ್‌ಎಲ್‌ಸಿ ಮಕ್ಕಳಿಗೂ ಮುಂದೆ ಇವೇ ಪುಸ್ತಕಗಳು ಅನುವಾದವಾಗಿ ಬಂದದ್ದರಿಂದ ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂಬತ್ತರಲ್ಲಿ ವರ್ಗೀಕರಣ: ಹೆಕೆಲ್, ವಿಟೇಕರ್, ವೋಸ್, ಐದು ಸಾಮ್ರಾಜ್ಯಗಳು. ಅಲ್ಲೇ ವರ್ಗೀಕರಣಕ್ಕೂ ವಿಕಾಸಕ್ಕೂ ನಂಟಿದೆ ಎಂದು ಒಂದು ಪುಟ್ಟ ಭಾಗ. ‘ಕೆಳದರ್ಜೆ’, ‘ಮೇಲ್ದರ್ಜೆ’ ಎಂಬ ಮಾತುಗಳು ಅಷ್ಟು ಸರಿಯಲ್ಲ, ಹಳೆಯವು ಹೊಸವು ಎನ್ನಬಹುದಷ್ಟೆ ಎಂದು ಎಚ್ಚರಿಸಿ, ಮರುಕ್ಷಣವೇ ಹಳೆಯವು ಸರಳವಾಗಿರುತ್ತವೆ ಎನ್ನುವುದರಲ್ಲಿ ತಪ್ಪಿಲ್ಲವೇನೋ ಎಂದು ಸಡಿಲಬಿಡುತ್ತದೆ. ಆ ಸಡಿಲವನ್ನು ಬಿಗಿ ಮಾಡಿದ್ದು ವಿಕಾಸವೆಂದರೆ ಪ್ರಗತಿಯಲ್ಲ ಎನ್ನುವ ಹತ್ತರ 9.6.

ಹತ್ತನೇ ತರಗತಿಯ ಪಾಠದ ನಾಯಕ ಒಂದು ಜೀರುಂಡೆ. ಪೊದೆಯಲ್ಲಿ ಕೆಂಪು ಜೀರುಂಡೆಗಳಿವೆ, ಕಾಗೆಗಳು ತಿನ್ನುತ್ತವೆ. ಒಂದು ಹಸಿರು ಜೀರುಂಡೆ ಹುಟ್ಟುತ್ತದೆ. ಹಸಿರೆಲೆಯ ಮೇಲೆ ಕಾಗೆಗೆ ಕಾಣದು. ಹಸಿರು ಸಂತತಿ ಹೆಚ್ಚುತ್ತದೆ. ಇದು ನೈಸರ್ಗಿಕ ಆಯ್ಕೆ. ಇನ್ನೊಂದು ಸಲ ನೀಲಿ ಜೀರುಂಡೆ. ಕಾಗೆಗೆ ಕೆಂಪೂ ಒಂದೇ, ನೀಲಿಯೂ ಒಂದೇ. ಆನೆಯೊಂದು ಪೊದೆ ತುಳಿದು ಹೋಗುತ್ತದೆ, ಉಳಿದವು ಆಕಸ್ಮಿಕವಾಗಿ ಹೆಚ್ಚಾಗಿ ನೀಲಿ. ಇಲ್ಲಿ ಆಯ್ಕೆಯಿಲ್ಲ, ಯೋಗ್ಯತೆಯಿಲ್ಲ, ಬರೀ ಅದೃಷ್ಟ. ಮೂರನೇ ಸಲ ಪೊದೆಗೆ ರೋಗ ಬಂದು ಆಹಾರ ಕಡಿಮೆಯಾಗಿ ಜೀರುಂಡೆಗಳು ಬಡಕಲಾಗುತ್ತವೆ. ರೋಗ ಹೋದ ಮೇಲೆ ಮತ್ತೆ ಮೈದುಂಬುತ್ತವೆ, ವಂಶವಾಹಿಗಳಲ್ಲಿ ಬದಲಾವಣೆಯಿಲ್ಲ. ಹದಿನೈದರ ಹುಡುಗರಿಗೆ ಆಯ್ಕೆ, ಆಕಸ್ಮಿಕ, ಗಳಿಸಿದ ಗುಣ ಎಂಬ ಮೂರನ್ನು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಬಿಡಿಸಿಟ್ಟ ಪಾಠ ಇನ್ನೊಂದನ್ನು ನಾನು ನೋಡಿಲ್ಲ. ಆನೆಯ ಪ್ರಸಂಗವಂತೂ ‘ಬಲಿಷ್ಠನೇ ಉಳಿಯುತ್ತಾನೆ’ ಎಂಬ ಬೀದಿಮಾತಿನ ಬಾಯಿ ಮುಚ್ಚಿಸುತ್ತದೆ.

9.4ರಲ್ಲಿ ಅದೇ ಜೀರುಂಡೆ ಬೆಟ್ಟದ ಸಾಲಿನುದ್ದಕ್ಕೂ ಹರಡುತ್ತದೆ. ಒಂದೊಂದೂ ತನ್ನ ಸುತ್ತಲಿನ ನಾಲ್ಕು ಪೊದೆ ಬಿಟ್ಟು ಹೋಗುವುದಿಲ್ಲ. ಎಲ್ಲೋ ಒಂದನ್ನು ಕಾಗೆ ಕಚ್ಚಿಕೊಂಡು ಹೋಗಿ ತಿನ್ನದೆ ಆಚೆ ಬೀಳಿಸಿದರೆ ವಂಶವಾಹಿಗಳು ಗುಂಪಿನಿಂದ ಗುಂಪಿಗೆ ಹರಿದವು. ನಡುವೆ ದೊಡ್ಡ ಹೊಳೆ ಹುಟ್ಟಿದರೆ ಆ ಹರಿವೂ ನಿಂತಿತು. ತಲೆಮಾರುಗಳು ಕಳೆದು ಎರಡೂ ದಡದವು ಎದುರಾದರೂ ಕೂಡಿ ಮರಿ ಮಾಡಲಾರವು. ಅಲ್ಲಿಗೆ ಪ್ರಭೇದ ಎರಡಾಯಿತು. ಇದರ ಹಿಂದಿರುವುದು ಎರ್ನ್‌ಸ್ಟ್ ಮಾಯರ್ 1942ರಲ್ಲಿ ಬಲವಾಗಿ ಮಂಡಿಸಿದ, ಪ್ರಭೇದವೆಂದರೆ ತಮ್ಮೊಳಗೆ ಸಂತಾನ ಪಡೆಯಬಲ್ಲ ಗುಂಪು ಎಂಬ ಕಲ್ಪನೆ. ಮಾಯರ್ ಹೆಸರು ಪಾಠದಲ್ಲಿಲ್ಲ, ಬೇಕಾಗಿಯೂ ಇರಲಿಲ್ಲ. ಇದಾದ ಮೇಲೆ ಬರುವ 9.5 ಗುಂಪಿನೊಳಗೆ ಗುಂಪು ಏಕೆ ಎಂದು ಹೇಳುತ್ತದೆ. ಒಡಹುಟ್ಟಿದವರಿಗೆ ತೀರ ಹತ್ತಿರದ ಪೂರ್ವಜರು ಒಂದೇ, ದಾಯಾದಿಗಳಿಗೆ ಒಂದು ತಲೆ ಹಿಂದಿನವರು ಒಂದೇ. ಹಾಗೆ ಹಿಂದೆ ಹೋದಂತೆ ಗುಂಪು ದೊಡ್ಡದಾಗುತ್ತದೆ. ಒಂಬತ್ತರಲ್ಲಿ ಬಾಯಿಪಾಠವಾಗಿದ್ದ ಕೋಷ್ಟಕ ಇಲ್ಲಿ ವಂಶವೃಕ್ಷವಾಗುತ್ತದೆ. ಜೀರುಂಡೆಯಿಂದ ಹೊಳೆಗೆ, ಹೊಳೆಯಿಂದ ವೃಕ್ಷಕ್ಕೆ ಎಂಬ ಈ ಕ್ರಮವೇ ಆ ಪುಸ್ತಕದ ಸಾಧನೆ.

ಕೊರತೆಗಳೂ ಇದ್ದವು. ಜೀರುಂಡೆ ಕಲ್ಪನೆಯದು. ನಿಜವಾದ ಉದಾಹರಣೆಯೆಂದು ಕೊಟ್ಟ ಕಾಡುಕೋಸು, ಅದರಿಂದ ಎರಡು ಸಾವಿರ ವರ್ಷಗಳಲ್ಲಿ ಮನುಷ್ಯ ಪಡೆದ ಎಲೆಕೋಸು, ಹೂಕೋಸು, ನವಿಲುಕೋಸು, ಬ್ರೊಕೊಲಿ, ಕೃತಕ ಆಯ್ಕೆಗೆ ಚೆನ್ನಾಗಿ ಒಪ್ಪುತ್ತವೆ. ಆದರೆ ಅವೆಲ್ಲ ಇಂದಿಗೂ ಒಂದೇ ಪ್ರಭೇದ. ಕಣ್ಣಿಗೆ ಬೇರೆಯಾಗಿ ಕಂಡರೆ ಪ್ರಭೇದ ಬೇರೆ ಎಂದು ಓದುಗ ಹುಡುಗ ತಿಳಿದುಕೊಂಡರೆ ತಪ್ಪು ಅವನದಲ್ಲ. ಇನ್ನೊಂದು: ವರ್ಣತಂತುಗಳ ಸಂಖ್ಯೆ ಬದಲಾದರೆ ಲಿಂಗಾಣುಗಳು ಕೂಡಲಾರವು ಎಂದು ಪಾಠ ಉದಾಹರಣೆ ಕೊಡುತ್ತದೆ. ಯಾವಾಗಲೂ ಹಾಗಲ್ಲ ಎಂದು ತೋರಿಸಿಕೊಟ್ಟ ಕೆಲಸ ನಡೆದದ್ದು ನಮ್ಮ ಮೈಸೂರಿನಲ್ಲೇ.

ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಂ.ಆರ್. ರಾಜಶೇಖರಶೆಟ್ಟಿ ಅವರ ಕಾಲದಿಂದ ಹಣ್ಣುನೊಣಗಳ ಅಧ್ಯಯನದ ಪರಂಪರೆಯಿದೆ. ಅದರ ಮುಂದುವರಿಕೆಯಾಗಿ ಎಚ್.ಎ. ರಂಗನಾಥ್ ಮತ್ತು ಸಂಗಡಿಗರು ಎರಡು ಬಗೆಯ ನೊಣಗಳನ್ನು ಕೂಡಿಸಿ ನೋಡಿದರು. ಒಂದು ಕೊಡಗಿನಲ್ಲಿ ಹಿಡಿದ ನಾಸುಟ, ಅದಕ್ಕೆ ಎಂಟು ವರ್ಣತಂತು. ಇನ್ನೊಂದು ಓಕಿನಾವ ಮೂಲದ ಆಲ್ಬೊಮಿಕನ್ಸ್, ಅದಕ್ಕೆ ಆರು. ಕಣ್ಣಿಗೆ ಎರಡೂ ಒಂದೇ. ಕೂಡಿಸಿದರೆ ಮರಿಯಾಗುತ್ತವೆ, ಮರಿಗಳೂ ಮರಿ ಹಾಕುತ್ತವೆ. ತಲೆಮಾರುಗಳ ಮೇಲೆ ತಲೆಮಾರು ಬಾಟಲಿಗಳಲ್ಲಿ ಸಾಕುತ್ತ ಹೋದಂತೆ ಎರಡೂ ಮೂಲಗಳಿಗಿಂತ ಬೇರೆಯಾದ ವರ್ಣತಂತು ವಿನ್ಯಾಸವುಳ್ಳ ಹೊಸ ವಂಶಗಳು ನೆಲೆಗೊಂಡವು; ಅವನ್ನು ಸೈಟೋರೇಸ್ ಎಂದು ಕರೆದರು. ಹೊಳೆಯಿಂದ ಬೇರ್ಪಟ್ಟು ಹೊಸತು ಹುಟ್ಟುವುದಷ್ಟೇ ದಾರಿಯಲ್ಲ, ಬೇರೆಯಾಗಿದ್ದವು ಕೂಡಿದಾಗಲೂ ಹೊಸತು ಹುಟ್ಟಬಹುದು ಎಂಬುದು ಇದರಿಂದ ಕಂಡಿತು. ಪ್ರಭೇದೀಕರಣದ ಮೊದಲ ಹೆಜ್ಜೆಗಳನ್ನು ಪ್ರಯೋಗಾಲಯದಲ್ಲೇ ನೋಡಬಹುದಾದ ಇಂಥದ್ದೊಂದು ಇಲ್ಲೇ ನಡೆದಿದ್ದರೂ ಮಂಡ್ಯದ ಹೈಸ್ಕೂಲಿನ ಪಾಠದಲ್ಲಿ ಅದರ ಸುಳಿವಿಲ್ಲ. ಈ ದೂರು ಪುಸ್ತಕ ಬರೆದವರ ಮೇಲಷ್ಟೇ ಅಲ್ಲ, ವಿಶ್ವವಿದ್ಯಾಲಯಗಳ ಮೇಲೂ ಇದೆ. ಶಾಲೆಯ ಮಕ್ಕಳಿಗೆ ಬರೆಯುವುದನ್ನು ಅವು ಕೆಲಸವೆಂದು ಎಣಿಸಲಿಲ್ಲ.

ಮುಂದಿನ ಘಟನೆಗಳು ಬಹುಪಾಲು ಗೊತ್ತಿರುವಂಥವು. 2018ರ ಜನವರಿಯಲ್ಲಿ ಕೇಂದ್ರದ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಡಾರ್ವಿನ್ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು, ಶಾಲಾ ಪಠ್ಯ ಬದಲಾಗಬೇಕು ಎಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ಮೂರು ಅಕಾಡೆಮಿಗಳು ಜಂಟಿ ಹೇಳಿಕೆ ಕೊಟ್ಟು ಅಲ್ಲಗಳೆದವು. ಹಿರಿಯ ಸಚಿವರೇ ಸಿಂಗ್ ಅವರನ್ನು ಸುಮ್ಮನಿರಿಸಿದರು. ನಾಲ್ಕು ವರ್ಷದ ಮೇಲೆ ಪಾಠ ಹೋದಾಗ ಮುಂದಿಟ್ಟ ಕಾರಣ ಸಿದ್ಧಾಂತದ್ದಲ್ಲ, ಕೋವಿಡ್ ನಂತರ ಮಕ್ಕಳ ಹೊರೆ ಇಳಿಸುವುದು. 2023ರ ಏಪ್ರಿಲ್‌ನಲ್ಲಿ ಬ್ರೇಕ್‌ಥ್ರೂ ಸೈನ್ಸ್ ಸೊಸೈಟಿ ಹೊರತಂದ ಬಹಿರಂಗ ಪತ್ರಕ್ಕೆ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿದರು. ಪಾಠ ಕೈಬಿಟ್ಟದ್ದರ ಹಿಂದೆ ಸಿದ್ಧಾಂತದ ದ್ವೇಷವಿತ್ತೋ ಬರೀ ಕಚೇರಿಯ ಕತ್ತರಿಯೋ ಎಂದು ದಾಖಲೆ ಮುಂದಿಟ್ಟು ಸಾಧಿಸುವುದು ಕಷ್ಟ. ಅದೇ ಪಟ್ಟಿಯಲ್ಲಿ ಹತ್ತನೇ ತರಗತಿಯ ಧಾತುಗಳ ಆವರ್ತಕ ವರ್ಗೀಕರಣವೂ ಹೋಗಿದೆ, ಅದರ ಮೇಲೆ ಯಾರಿಗೂ ಹಗೆಯಿರಲಿಲ್ಲ. ವರ್ಗೀಕರಣ ಎಂದರೆ ಪಟ್ಟಿ, ಪಟ್ಟಿ ಎಂದರೆ ಹೊರೆ ಎಂಬ ಹಳೆಯ ಎಣಿಕೆ ಇಲ್ಲೂ ಕೆಲಸ ಮಾಡಿದಂತಿದೆ.

ಸರ್ಕಾರದ ಸಮಜಾಯಿಷಿ, ವಿಕಾಸ ಹನ್ನೆರಡನೇ ತರಗತಿಯಲ್ಲಿ ವಿವರವಾಗಿಯೇ ಇದೆ ಎಂಬುದು. ಅದಕ್ಕೆ ಬಂದ ಉತ್ತರ, ಹತ್ತರ ನಂತರ ಜೀವಶಾಸ್ತ್ರ ಓದುವವರೆಷ್ಟು ಎಂಬುದು. ಅದು ಸರಿಯಾದ ಉತ್ತರವೇ. ಆದರೆ ಪುಸ್ತಕವನ್ನು ತೆರೆದು ನೋಡಿದವರಿಗೆ ಇನ್ನೊಂದು ಉತ್ತರ ಸಿಗುತ್ತದೆ. ಹನ್ನೆರಡರ ‘ವಿಕಾಸ’ ಅಧ್ಯಾಯದಲ್ಲಿ ಜೀವದ ಉಗಮವಿದೆ, ಮಿಲ್ಲರ್ 1953ರಲ್ಲಿ ಮಾಡಿದ ಪ್ರಯೋಗವಿದೆ, ಇಂಗ್ಲೆಂಡಿನ ಪತಂಗಗಳಿವೆ, ಡಾರ್ವಿನ್ನನ ಫಿಂಚ್‌ಗಳಿವೆ, ಡಿ ವ್ರೀಸ್, ಹಾರ್ಡಿ–ವೈನ್‌ಬರ್ಗ್ ಸೂತ್ರ, ಮಾನವನ ವಿಕಾಸ ಎಲ್ಲ ಇವೆ. ಪ್ರಭೇದೀಕರಣ ಎಂಬ ತಲೆಬರಹ ಮಾತ್ರ ಇಲ್ಲ. ಒಂದು ಪ್ರಭೇದ ಹೇಗೆ ಎರಡಾಗುತ್ತದೆ ಎಂದು ಹಂತ ಹಂತವಾಗಿ ಬಿಡಿಸಿ ಹೇಳಿದ್ದು ಹತ್ತನೇ ತರಗತಿಯ 9.4 ಮಾತ್ರ. ಇನ್ನು ವರ್ಗೀಕರಣ ಬರುವುದು ಹನ್ನೊಂದರಲ್ಲಿ, ವಿಕಾಸಕ್ಕಿಂತ ಒಂದು ವರ್ಷ ಮೊದಲು. ಪ್ರಥಮ ಪಿಯುಸಿಯ ವಿದ್ಯಾರ್ಥಿ ಈಗ ಸಸ್ಯಸಾಮ್ರಾಜ್ಯ, ಪ್ರಾಣಿಸಾಮ್ರಾಜ್ಯಗಳ ಕೋಷ್ಟಕವನ್ನು ಬೆಂಥಮ್ಮನ ಕಾಲದ ವಿದ್ಯಾರ್ಥಿಯ ಹಾಗೆಯೇ, ಹೀಗೇಕೆ ಎಂದು ಗೊತ್ತಿಲ್ಲದೆ ಕಲಿಯಬೇಕು. ನೀಟ್ ಪರೀಕ್ಷೆಗೆ ಅಷ್ಟು ಸಾಕಾಗುತ್ತದೆ.

ಹತ್ತನೇ ತರಗತಿಯ ಉಳಿದ ಅಧ್ಯಾಯದ ಮೊದಲ ಭಾಗದಲ್ಲಿ ಶಾಖದ ಅಲೆ ಬಂದಾಗ ಬಿಸಿ ತಡೆಯಬಲ್ಲ ಬ್ಯಾಕ್ಟೀರಿಯಗಳು ಉಳಿಯುವ ಮಾತಿದೆ, ಪರಿಸರವು ಭಿನ್ನತೆಗಳನ್ನು ಆಯ್ದುಕೊಳ್ಳುವುದೇ ವಿಕಾಸದ ತಳಹದಿ ಎಂಬ ಅರ್ಥದ ಒಂದು ವಾಕ್ಯವೂ ಇದೆ. ಮೆಂಡಲನ ಬಟಾಣಿಗೆ ಹೋಗುವ ಮುನ್ನ ಅಲ್ಲಿ ನಿಂತು ಜೀರುಂಡೆಯ ಪಾಠವನ್ನು ಹೇಳಿಬಿಡಲು ಮೇಷ್ಟರಿಗೆ ಯಾರ ಅಡ್ಡಿಯೂ ಇಲ್ಲ. ಎರಡು ಪೀರಿಯಡ್ ಬೇಕು, ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ.