ಚರ್ಮ ಕಸಿ: ಚರ್ಮ ತೆಗೆದ ಜಾಗದ ನೋವು ಮತ್ತು ಅರಿವಳಿಕೆ ಸ್ಪ್ರೇ

ಸುಟ್ಟು, ಕಿತ್ತು ಅಥವಾ ಕೊಳೆತು ಹೋದ ಚರ್ಮದ ಜಾಗಕ್ಕೆ ಅದೇ ರೋಗಿಯ ಮೈಮೇಲಿನ ಬೇರೆ ಕಡೆಯಿಂದ ತೆಳು ಪದರವನ್ನು ತೆಗೆದು ಹಚ್ಚುವ ಶಸ್ತ್ರಚಿಕಿತ್ಸೆಗೆ ಚರ್ಮ ಕಸಿ ಎಂದು ಹೆಸರು. ಚರ್ಮ ಕೊಟ್ಟ ಜಾಗವನ್ನು ಆಸ್ಪತ್ರೆಗಳಲ್ಲಿ ಡೋನರ್ ಏರಿಯಾ ಎನ್ನುತ್ತಾರೆ. ಅದು ಸಾಮಾನ್ಯವಾಗಿ ತೊಡೆ. ಯಂತ್ರಕ್ಕೆ ಸಿಕ್ಕ ಕೈಗಿಂತ, ಏನೂ ಆಗದೆ ಚೆನ್ನಾಗಿದ್ದ ತೊಡೆಯೇ ಹೆಚ್ಚು ಉರಿಯುತ್ತದೆ ಎಂಬುದು ಆಪರೇಷನ್ ಮಾರನೆಯ ದಿನ ರೋಗಿಗಳು ಹೇಳುವ ಮಾತು. ಈ ಉರಿಯನ್ನು ತಗ್ಗಿಸಲು ಬಳಸುವ ಉಪಾಯಗಳಲ್ಲಿ ಲಿಗ್ನೊಕೇನ್‌ನಂಥ ಸ್ಥಳೀಯ ಅರಿವಳಿಕೆಯನ್ನು ಗಾಯದ ಮೇಲೆ ಸಿಂಪಡಿಸುವುದೂ ಒಂದು.

ಬೆಂಗಳೂರಿನ ಹೊರವಲಯದಲ್ಲಿ ಇದು ಅಪರೂಪದ ಚಿಕಿತ್ಸೆಯಲ್ಲ. ವೈಟ್‌ಫೀಲ್ಡ್ ಎಂದೊಡನೆ ಗಾಜಿನ ಐಟಿ ಕಟ್ಟಡಗಳು ಕಣ್ಣ ಮುಂದೆ ಬಂದರೂ, ಅದರ ಸುತ್ತಲಿನ ಮಹದೇವಪುರ, ಹೂಡಿ, ಕಾಡುಗೋಡಿಗಳಲ್ಲಿ ಕೈಗಾರಿಕೆಗಳಿವೆ, ನಗರದ ವಾಯವ್ಯದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ಪವರ್ ಪ್ರೆಸ್, ರೋಲರ್, ಕುದಿಯುವ ದ್ರವ, ಆಸಿಡ್, ವಿದ್ಯುತ್ ಹೊಡೆತ, ಇವುಗಳ ಜೊತೆಗೆ ಹೆದ್ದಾರಿಯಲ್ಲಿ ಲಾರಿ ಚಕ್ರಕ್ಕೆ ಸಿಕ್ಕಿ ಚರ್ಮ ಸುಲಿದುಹೋದ ಕಾಲುಗಳು ಕಸಿಗೆ ಬರುವ ಬಗೆಯ ಗಾಯಗಳು. ವೈಟ್‌ಫೀಲ್ಡಿನ ಇಪಿಐಪಿ ಪ್ರದೇಶದಲ್ಲೇ ವೈದೇಹಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಕಾರ್ಮಿಕರಿಗೆ ಇಎಸ್‌ಐ ಆಸ್ಪತ್ರೆಗಳಿವೆ. ದೊಡ್ಡ ಸುಟ್ಟಗಾಯವಾದರೆ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯ ಕೇಂದ್ರಕ್ಕೆ ಕರೆದೊಯ್ಯುವುದು ನಗರದ ಹಳೆಯ ರೂಢಿ.

ತೊಡೆ ಅಷ್ಟು ಉರಿಯುವುದಕ್ಕೆ ಕಾರಣ ಕತ್ತಿ ಇಳಿಯುವ ಆಳದಲ್ಲಿದೆ. ಪೂರ್ಣ ದಪ್ಪದ ಚರ್ಮ ತೆಗೆದರೆ ಆ ಜಾಗವನ್ನು ಹೊಲಿದೇ ಮುಚ್ಚಬೇಕು. ಹಾಗಾಗಿ ಅದನ್ನು ಚಿಕ್ಕ ಗಾಯಗಳಿಗೆ ಮಾತ್ರ ಬಳಸುತ್ತಾರೆ. ದೊಡ್ಡ ಗಾಯಕ್ಕೆ ಬೇಕಾಗುವುದು ತೆಳು ಕಸಿ. ಹೊರಚರ್ಮವನ್ನೂ ಅದರಡಿಯ ಒಳಚರ್ಮದ ಒಂದು ಭಾಗವನ್ನೂ ಸೇರಿಸಿ, ಮಿಲಿಮೀಟರಿನ ಕಾಲು ಭಾಗದ ಆಸುಪಾಸಿನ ದಪ್ಪದಲ್ಲಿ ಹೆರೆದು ತೆಗೆಯುತ್ತಾರೆ. ಕೂದಲ ಬುಡಗಳೂ ಬೆವರಿನ ಗ್ರಂಥಿಗಳೂ ಒಳಚರ್ಮದಲ್ಲಿ ಉಳಿದುಕೊಳ್ಳುವುದರಿಂದ ಅಲ್ಲಿಂದಲೇ ಹೊಸ ಹೊರಚರ್ಮ ಹಬ್ಬಿ, ಹೆಚ್ಚುಕಡಿಮೆ ಎರಡು ವಾರದಲ್ಲಿ ಜಾಗ ಮುಚ್ಚಿಕೊಳ್ಳುತ್ತದೆ. ಆದರೆ ಅದೇ ಒಳಚರ್ಮದಲ್ಲಿ ನೋವಿನ ನರತುದಿಗಳೂ ಇವೆ. ಕತ್ತಿ ಆಡಿದ ಮೇಲೆ ಅವುಗಳಿಗೆ ಹೊದಿಕೆಯಿಲ್ಲ. ಊತದಿಂದ ಒಸರುವ ಪ್ರೋಸ್ಟಗ್ಲಾಂಡಿನ್, ಬ್ರಾಡಿಕೈನಿನ್ ಎಂಬ ರಾಸಾಯನಿಕಗಳು ಅವನ್ನು ಇನ್ನಷ್ಟು ಕೆರಳಿಸುತ್ತವೆ. ಗಾಳಿ ತಾಗಿದರೂ, ಬಟ್ಟೆ ಸರಿದರೂ ಉರಿ. ಆಳವಾದ ಸುಟ್ಟಗಾಯದಲ್ಲಿ ನರತುದಿಗಳೇ ಸುಟ್ಟುಹೋಗಿರುವುದರಿಂದ ಅಲ್ಲಿ ನೋವು ಕಡಿಮೆ ಇರಬಹುದು. ರೋಗಿಯ ದೂರು ವಿಚಿತ್ರವೆನಿಸಿದರೂ ಅದರ ಹಿಂದೆ ಅಂಗರಚನೆಯ ಈ ಸರಳ ಕಾರಣವಿದೆ. ಮೊದಲ ಮೂರು ನಾಲ್ಕು ದಿನ ನೋವಿನ ಪಾಲು ಹೆಚ್ಚು, ಆಮೇಲೆ ತುರಿಕೆಯದು.

ತೆಳು ಕಸಿಯ ಇತಿಹಾಸ ತೀರಾ ಹಳೆಯದಲ್ಲ. 1869ರಲ್ಲಿ ಪ್ಯಾರಿಸ್ಸಿನಲ್ಲಿ ಶಸ್ತ್ರವೈದ್ಯ ರೆವರ್ಡಾಂ ಚರ್ಮದ ಚೂರುಗಳನ್ನು ಚಿವುಟಿ ನೆಟ್ಟ. 1874ರಲ್ಲಿ ಜರ್ಮನಿಯ ಟೀರ್ಷ್ ಅಗಲವಾದ ತೆಳು ಹಾಳೆಗಳನ್ನು ತೆಗೆಯುವ ಕ್ರಮವನ್ನು ವಿವರಿಸಿದ. ಇಂದಿಗೂ ನಮ್ಮ ಅನೇಕ ಆಪರೇಷನ್ ಥಿಯೇಟರುಗಳಲ್ಲಿ ಕಾಣುವ, ಚರ್ಮ ಹೆರೆಯುವ ಹಂಬಿ ಕತ್ತಿ 1930ರ ದಶಕದ್ದು. ಕಸಿ ಚರ್ಮಕ್ಕೆ ಜಾಲರಿಯಂತೆ ತೂತು ಕೊಟ್ಟು ಹಿಗ್ಗಿಸುವ ವಿಧಾನ 1964ರಲ್ಲಿ ಬಂತು. ಅದರಿಂದ ಕಡಿಮೆ ಚರ್ಮದಲ್ಲಿ ಹೆಚ್ಚು ಜಾಗ ಮುಚ್ಚುವಂತಾಗಿ, ತೊಡೆಯ ಗಾಯವೂ ಕಿರಿದಾಯಿತು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗು ಕಳೆದುಕೊಂಡ ಕಾವಸ್‌ಜಿ ಎಂಬ ಗಾಡಿ ಹೊಡೆಯುವವನ ಕಥೆಯನ್ನು ಇಲ್ಲಿ ತರುವುದುಂಟು. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಆ ಶಸ್ತ್ರಕ್ರಿಯೆಯಲ್ಲಿ ಹಣೆಯ ಚರ್ಮವನ್ನು ಬುಡ ಕಡಿಯದೆ ತಿರುಗಿಸಿ ಮೂಗು ಕಟ್ಟಲಾಗಿತ್ತು. ಆದ್ದರಿಂದ ಅದನ್ನು ಈ ಬಗೆಯ ಕಸಿಯ ಸಾಲಿಗೆ ಸೇರಿಸುವುದು ಸರಿಯಲ್ಲ.

ಸ್ಪ್ರೇಯ ಮುಖ್ಯ ಔಷಧ ಲಿಗ್ನೊಕೇನ್. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ 1943ರಲ್ಲಿ ತಯಾರಿಸಿದ ಇದು 1948ರಲ್ಲಿ ಝೈಲೊಕೇನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನರದ ಪೊರೆಯಲ್ಲಿ ಸೋಡಿಯಂ ಒಳಹೋಗುವ ದಾರಿಯನ್ನು ಇದು ಕಟ್ಟುವುದರಿಂದ ನೋವಿನ ಸಂಕೇತ ಮುಂದೆ ಸಾಗುವುದಿಲ್ಲ. ಗಟ್ಟಿ ಹೊರಚರ್ಮವನ್ನು ದಾಟಲು ಈ ಔಷಧಕ್ಕೆ ಬಹಳ ಹೊತ್ತು ಬೇಕು. ಹೊರಚರ್ಮವೇ ಇಲ್ಲದ ಜಾಗದಲ್ಲಿ ಕೆಲವು ನಿಮಿಷ ಸಾಕು. ಚರ್ಮ ತೆಗೆದ ಕೂಡಲೇ, ರೋಗಿ ಇನ್ನೂ ಮಂಪರಿನಲ್ಲಿರುವಾಗಲೇ ಸಿಂಪಡಿಸಿದರೆ ಎಚ್ಚರವಾಗುವ ಹೊತ್ತಿಗೆ ಉರಿ ತಗ್ಗಿರುತ್ತದೆ. 1999ರಲ್ಲಿ ‘ಆನಲ್ಸ್ ಆಫ್ ಸರ್ಜರಿ’ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಲಿಗ್ನೊಕೇನ್ ಪಡೆದವರಿಗೆ ಮಾರ್ಫಿನ್ ಜಾತಿಯ ನೋವುನಿವಾರಕ ಕಡಿಮೆ ಸಾಕಾಯಿತು. ಬೂಪಿವಕೇನ್ ಎಂಬ ಇನ್ನೊಂದು ಸ್ಥಳೀಯ ಅರಿವಳಿಕೆಯ ಪರಿಣಾಮ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದು ಪುಸ್ತಕದ ಮಾತು. ಆದರೆ ಆ ಅಧ್ಯಯನದಲ್ಲಿ ಮೇಲೆಂದು ಸಾಬೀತಾದದ್ದು ಲಿಗ್ನೊಕೇನ್.

ಇದರ ಮಿತಿ ಹೊತ್ತಿನದು. ಒಂದು ಸಲ ಸಿಂಪಡಿಸಿದ ಲಿಗ್ನೊಕೇನ್ ಗಂಟೆ, ಹೆಚ್ಚೆಂದರೆ ಎರಡು ಗಂಟೆ ಕೆಲಸ ಮಾಡುತ್ತದೆ. ತೊಡೆಯ ನೋವು ದಿನಗಟ್ಟಲೆ ಇರುತ್ತದೆ. ಆದ್ದರಿಂದ ಥಿಯೇಟರಿನಿಂದ ಹೊರಬರುವ ಹೊತ್ತಿಗೂ ಡ್ರೆಸ್ಸಿಂಗ್ ಬದಲಿಸುವ ಹೊತ್ತಿಗೂ ಸ್ಪ್ರೇ ಒದಗುತ್ತದೆ, ನಡುವಿನ ರಾತ್ರಿಗಳಿಗೆ ಒದಗುವುದಿಲ್ಲ. ಆ ರಾತ್ರಿಗಳಿಗೆ ಪ್ಯಾರಸಿಟಮಾಲ್ ಮತ್ತು ವೈದ್ಯರು ಬರೆದುಕೊಡುವ ಇತರ ನೋವಿನ ಮಾತ್ರೆಗಳೇ ಗತಿ.

ಯಾವ ಸ್ಪ್ರೇ ಎಂಬುದೂ ಮುಖ್ಯ. ಔಷಧದಂಗಡಿಯಲ್ಲಿ ಸಿಗುವ 10 ಶೇಕಡಾ ಲಿಗ್ನೊಕೇನ್ ಪಂಪ್ ಬಾಟಲಿ ತಯಾರಾದದ್ದು ಬಾಯಿ, ಗಂಟಲುಗಳಿಗಾಗಿ. ಅದರ ಕೆಲವು ತಯಾರಿಕೆಗಳಲ್ಲಿ ಆಲ್ಕೋಹಾಲ್, ಮೆಂಥಾಲ್, ಬಾಳೆಹಣ್ಣಿನ ಘಮದ ಎಸೆನ್ಸ್ ಇರುತ್ತವೆ. ಹಸಿ ಒಳಚರ್ಮದ ಮೇಲೆ ಆಲ್ಕೋಹಾಲ್ ಬಿದ್ದರೆ ಉರಿ ಆರುವ ಮೊದಲು ಜೋರಾಗುತ್ತದೆ. ಬಾಟಲಿ ಒಮ್ಮೆ ತೆರೆದ ಮೇಲೆ ತೆರೆದ ಗಾಯಕ್ಕೆ ಬೇಕಾದಷ್ಟು ಕ್ರಿಮಿರಹಿತವಾಗಿಯೂ ಉಳಿಯುವುದಿಲ್ಲ. ಚುಚ್ಚುಮದ್ದಿಗೆಂದು ಬರುವ ಕ್ರಿಮಿರಹಿತ ನೀರುದ್ರಾವಣವನ್ನು ಸಿಂಪಡಿಸುವುದು ಅಥವಾ ಅದರಲ್ಲಿ ನೆನೆಸಿದ ಗಾಜ್ ಬಟ್ಟೆಯನ್ನು ಹಾಸುವುದು ವಾಸಿ. ಅನೇಕ ಶಸ್ತ್ರವೈದ್ಯರು ಇದಕ್ಕೆ ತುಸು ಅಡ್ರಿನಲಿನ್ ಸೇರಿಸುತ್ತಾರೆ. ರಕ್ತ ಒಸರುವುದು ನಿಲ್ಲುತ್ತದೆ, ಔಷಧ ರಕ್ತಕ್ಕೆ ಸೇರುವ ವೇಗವೂ ತಗ್ಗುತ್ತದೆ.

ಪ್ರಮಾಣದ ಲೆಕ್ಕವನ್ನು ತಪ್ಪಿಸಲಾಗದು. ಹಸಿ ಗಾಯ ಔಷಧವನ್ನು ಗಟ್ಟಿ ಚರ್ಮಕ್ಕಿಂತ ಬಹಳ ಬೇಗ ಹೀರುತ್ತದೆ. ಅಡ್ರಿನಲಿನ್ ಇಲ್ಲದ ಲಿಗ್ನೊಕೇನ್‌ಗೆ ಎಚ್ಚರಿಕೆಯ ಮಿತಿ ಕಿಲೋ ತೂಕಕ್ಕೆ 3 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ಅದು 180 ಮಿಲಿಗ್ರಾಂ: 2 ಶೇಕಡಾ ದ್ರಾವಣವಾದರೆ 9 ಮಿಲಿಲೀಟರ್, ಒಂದೊಂದು ಒತ್ತಿಗೆ 10 ಮಿಲಿಗ್ರಾಂ ಹೊರಬರುವ ಪಂಪ್ ಬಾಟಲಿಯಾದರೆ 18 ಒತ್ತು. ಎರಡು ತೊಡೆಗಳಿಂದಲೂ ಚರ್ಮ ತೆಗೆದಿದ್ದರೆ ಅಷ್ಟು ಔಷಧ ಸಾಲದೆ ಹೋಗಬಹುದು. ಆಪರೇಷನ್ ವೇಳೆ ಚುಚ್ಚಿದ್ದನ್ನೂ ಇದೇ ಲೆಕ್ಕಕ್ಕೆ ಕೂಡಿಸಬೇಕು. ಮಿತಿ ಮೀರಿದರೆ ಮೊದಲು ತುಟಿಯ ಸುತ್ತ ಜೋಮು, ನಾಲಿಗೆಗೆ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಸದ್ದು. ಮುಂದೆ ಫಿಟ್ಸ್, ಹೃದಯದ ಬಡಿತದಲ್ಲಿ ಏರುಪೇರು. ಇದಕ್ಕೆ ರಕ್ತನಾಳದ ಮೂಲಕ 20 ಶೇಕಡಾ ಕೊಬ್ಬಿನ ದ್ರಾವಣ ಕೊಡುತ್ತಾರೆ. ಅದು ಆಸ್ಪತ್ರೆಯಲ್ಲಷ್ಟೇ ಆಗುವ ಕೆಲಸ. ಹಾಗಾಗಿ ಡಿಸ್ಚಾರ್ಜ್ ಆದ ರೋಗಿ ಮನೆಯಲ್ಲಿ ತಾನೇ ಬಾಟಲಿ ತಂದು ಗಾಯಕ್ಕೆ ಹೊಡೆದುಕೊಳ್ಳಬಾರದು.

ಇದೇ ಜಾತಿಯ ಇನ್ನೊಂದು ಔಷಧ, ಲಿಗ್ನೊಕೇನ್ ಮತ್ತು ಪ್ರಿಲೊಕೇನ್ ತಲಾ 2.5 ಶೇಕಡಾ ಬೆರೆತ ಮುಲಾಮು. ಅದನ್ನು ಗಾಯಕ್ಕಲ್ಲ, ಚರ್ಮ ತೆಗೆಯುವ ಮೊದಲು ಗಟ್ಟಿ ಚರ್ಮಕ್ಕೆ ದಪ್ಪಗೆ ಬಳಿದು, ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಕನಿಷ್ಠ ಎರಡು ಗಂಟೆ ಬಿಡಬೇಕು. ಪೂರ್ಣ ಅರಿವಳಿಕೆ ತಾಳದ ವಯಸ್ಸಾದವರಿಗೆ ಇದರಿಂದ ಉಪಕಾರವುಂಟು. ನೋವು ಹೆಚ್ಚು ಹೊತ್ತು ಕಾಡುವಂಥ ಕಡೆ ತೊಡೆಸಂದಿಯ ಬಳಿ ನರವನ್ನೇ ಮರಗಟ್ಟಿಸುವ ಬ್ಲಾಕ್ ಕೊಡುತ್ತಾರೆ. ಅರಿವಳಿಕೆ ತಜ್ಞರ ಕೈಯಿದ್ದರೆ ಸ್ಪ್ರೇಗಿಂತ ಅದು ಒಳ್ಳೆಯ ಆಯ್ಕೆ.

ಇಷ್ಟೆಲ್ಲ ಹೇಳಿದ ಮೇಲೂ ನೋವಿನ ದೊಡ್ಡ ಪಾಲು ನಿರ್ಧಾರವಾಗುವುದು ಡ್ರೆಸ್ಸಿಂಗಿನಲ್ಲಿ. ಬರೀ ಗಾಜ್ ಬಟ್ಟೆ ಕಟ್ಟಿದರೆ ಅದು ಒಣಗಿ ಅಂಟುತ್ತದೆ, ಬಿಚ್ಚುವಾಗ ಹೊಸದಾಗಿ ಹಬ್ಬಿದ ಚರ್ಮವನ್ನೂ ಕಿತ್ತು ತರುತ್ತದೆ. ಪ್ಯಾರಾಫಿನ್ ಸವರಿದ ಜಾಲರಿ ಹಾಸಿ, ಮೇಲಿನ ಹತ್ತಿಯನ್ನಷ್ಟೇ ಬದಲಿಸಿ, ಒಳಪದರವನ್ನು ತಾನಾಗಿ ಬಿಡುವವರೆಗೆ ಮುಟ್ಟದಿರುವುದು ಹಳೆಯ ಜಾಣತನ. ಗಾಯವನ್ನು ತೇವವಾಗಿಡುವ ಪಾರದರ್ಶಕ ಹಾಳೆ, ಹೈಡ್ರೊಕೊಲಾಯ್ಡ್, ಕೊಲಾಜೆನ್ ಹಾಳೆಗಳಲ್ಲಿ ನೋವು ಇನ್ನೂ ಕಡಿಮೆ, ಬೆಲೆ ಮಾತ್ರ ಹೆಚ್ಚು. ಮುಂಬೈಯ ಸಯನ್ ಆಸ್ಪತ್ರೆಯ ವೈದ್ಯರು ಶುದ್ಧೀಕರಿಸಿದ ಬಾಳೆ ಎಲೆಯನ್ನೇ ಚರ್ಮ ತೆಗೆದ ಜಾಗಕ್ಕೆ ಹಾಸಿ ನೋಡಿ, 2003ರಲ್ಲಿ ಅದರ ವರದಿ ಪ್ರಕಟಿಸಿದರು. ಎಲೆ ನುಣುಪು, ಅಂಟುವುದಿಲ್ಲ, ಬಿಚ್ಚುವಾಗ ನೋವಿಲ್ಲ. ಊಟಕ್ಕೆ ಎಲೆ ಹಾಸುವ ನಾಡಿನಲ್ಲಿ ಇದು ಇಷ್ಟು ತಡವಾಗಿ ಹೊಳೆದದ್ದೇ ಆಶ್ಚರ್ಯ.

ಬೇರೆಯವರ ಚರ್ಮ ಬಳಸಿದರೆ ರೋಗಿಯ ತೊಡೆಗೆ ಆ ಮಟ್ಟಿಗೆ ಬಿಡುವು. ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮ ಬ್ಯಾಂಕ್ ತೆರೆಯಿತು. ಸಾವಿನ ನಂತರ ಆರು ಗಂಟೆಯೊಳಗೆ ಕಾಲು, ತೊಡೆ, ಬೆನ್ನುಗಳಿಂದ ತೆಳು ಚರ್ಮ ತೆಗೆದು ಗ್ಲಿಸರಾಲಿನಲ್ಲಿ ಕಾಪಿಡುವುದು ಇಂಥ ಬ್ಯಾಂಕುಗಳ ಕ್ರಮ. ರಕ್ತದ ಗುಂಪು ಹೊಂದಬೇಕಿಲ್ಲ. ಆದರೆ ಆ ಚರ್ಮ ಕೆಲವು ವಾರಗಳ ತಾತ್ಕಾಲಿಕ ಹೊದಿಕೆ. ಕೊನೆಗೆ ರೋಗಿಯ ಸ್ವಂತ ಚರ್ಮವೇ ಬೇಕು. ಮೈಯ ಬಹುಭಾಗ ಸುಟ್ಟವರಲ್ಲಿ ಉಳಿದ ಚರ್ಮವೇ ಕಡಿಮೆಯಾದ್ದರಿಂದ, ವಾಸಿಯಾದ ತೊಡೆಯಿಂದಲೇ ಎರಡು ಮೂರು ವಾರಗಳ ಬಳಿಕ ಮತ್ತೊಮ್ಮೆ ಚರ್ಮ ತೆಗೆಯಬೇಕಾಗುತ್ತದೆ. ಆಗ ಅದೇ ಜಾಗಕ್ಕೆ ಅರಿವಳಿಕೆಯ ಪ್ರಮಾಣವನ್ನು ಮೊದಲಿನಿಂದ ಲೆಕ್ಕ ಹಾಕುತ್ತಾರೆ. ಮೈ ಸೊರಗಿರುವ ರೋಗಿಯ ತೂಕ ಇಳಿದಿರುವುದರಿಂದ ಎರಡನೆಯ ಸಲದ ಮಿತಿ ಮೊದಲ ಸಲಕ್ಕಿಂತ ಕಡಿಮೆ.